ಒಂದು ಅಕ್ಕಿಕಾಳಿನಷ್ಟು ಓರೆ

ತರೀಕೆರೆ
11 ನವೆಂಬರ್ 2024

ಸಿಂಗಟಗೆರೆ ಹನುಮಂತಪ್ಪನ ಮಗಳು ನಿಶ್ಚಿತಾಗೆ,

ಕ್ಷೇಮ ಕೇಳುವ ಶಾಸ್ತ್ರ ಬೇಡ. ನಾನು ಹೇಗಿದ್ದೀನಿ ಅಂತ ನಿನಗೆ ಗೊತ್ತು. ನಿಮ್ಮ ಕೊಬ್ಬರಿ ಗೋದಾಮಿನಲ್ಲಿ ನಾಟಕದ ಪರದೆ ಬರೆಯುತ್ತಾ ಏಣಿಯಿಂದ ಬಿದ್ದಾಗ ಆಟೋ ಕರೆಸಿದವಳು ನೀನೇ. ಸೊಂಟದೊಳಗೆ ಸ್ಟೀಲು ಇಟ್ಟು ಹೊಲಿದಿದ್ದಾರೆ. ಮಗಳು ಪ್ರೇಮಮ್ಮನ ಮನೆಯಲ್ಲಿ ಮಂಚದ ಮೇಲೆ ಬಿದ್ದಿದ್ದೀನಿ. ಬಸ್ಸು ಹತ್ತಬಾರದು, ನೆಲಕ್ಕೆ ಕೂರಬಾರದು, ಏಣಿಯ ಹೆಸರೂ ಎತ್ತಬಾರದು ಅಂತ ಡಾಕ್ಟರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದೂ ಮುಗಿಸಿದ್ದಲ್ಲ, ಮೇಷ್ಟ್ರ ಮುಖ ಗೋಡೆ ಮೇಲೆ ಬರೆದಿದ್ದಕ್ಕೆ ಓಡಿಸಿದ್ದು. ಹಾಗಾಗಿ ಪ್ಯಾನಲ್ಲು, ಲೆನ್ಸು ಅಂತ ನೀನು ಬರೆದಿರುವುದು ಅರ್ಧ ತಲೆಗೆ ಹೋಯಿತು. ನನಗೆ ತಿಳಿದದ್ದು ಇಷ್ಟು: ನಾನು ಇಲ್ಲಿ ಕೂತು ಒಂದೂವರೆ ಅಡಿ ಕಾಗದದಲ್ಲಿ ಅರಮನೆ ಬರೆದು ಕಳಿಸಬೇಕು. ನೀನು ಸೊಸೈಟಿಯವರು ಎಸೆದ ಕಂಪ್ಯೂಟರಿನ ಗಾಜು ಬಿಚ್ಚಿ, ಹಿಂದೆ ದೀಪ ಇಟ್ಟು, ಅದನ್ನು ಇಪ್ಪತ್ತು ಅಡಿ ಬಟ್ಟೆಯ ಮೇಲೆ ಬೀಳಿಸುತ್ತೀಯ. ಬಿದ್ದ ಗೆರೆಯ ಮೇಲೆ ಇದ್ದಿಲು ಆಡಿಸಿ ಆಮೇಲೆ ಬಣ್ಣ ತುಂಬುತ್ತೀಯ. ಮಿಕ್ಸಿ ರಿಪೇರಿಯವಳು ದರ್ಬಾರು ಪರದೆ ಬರೆಯುವುದು! ನನ್ನ ಗುರು ಚಿಕ್ಕಬೀರಪ್ಪ ಬದುಕಿದ್ದರೆ ಕುಂಚದಲ್ಲೇ ಬಾರಿಸುತ್ತಿದ್ದ, ನಿನಗಲ್ಲ, ನನಗೆ.

ನಿಮ್ಮ ನಾಟಕ ಮಂಡಳಿಯ ಕಾರ್ಯದರ್ಶಿ ಹೊನ್ನೇಶ ಆಸ್ಪತ್ರೆಗೆ ಬಂದಿದ್ದ. ಎಳನೀರು ತಂದಿದ್ದ, ಸರಿ. ಹೋಗುವಾಗ ಏನಂದ ಗೊತ್ತೋ? "ಬ್ಯಾಸರ ಮಾಡ್ಕಬ್ಯಾಡಿ ಯಜಮಾನ್ರೇ, ಆಗ್ದಿದ್ರೆ ಬಿಡಿ, ಫ್ಲೆಕ್ಸಲ್ಲಿ ಒಂದೇ ದಿನಕ್ಕೆ ಹೊಡ್ದು ಕೊಡ್ತಾರೆ." ಐವತ್ತೆರಡು ವರ್ಷದಲ್ಲಿ ನಾನು ಅರ್ಧಕ್ಕೆ ಬಿಟ್ಟ ಪರದೆ ಇದೊಂದೇ. ಅದರ ಜಾಗದಲ್ಲಿ ಪ್ಲಾಸ್ಟಿಕ್ ಅರಮನೆ ತೂಗಿದರೆ ರುದ್ರಮೂರ್ತಿಯ ಕೈ ಮುಗಿಯಿತು ಅಂತಲೇ ಅರ್ಥ.

ಚಿತ್ರ ಕಳಿಸಿದ್ದೀನಿ. ಒಪ್ಪಿದ್ದೀನಿ ಅಂದುಕೊಳ್ಳಬೇಡ, ಬೇರೆ ದಾರಿ ಇಲ್ಲ. ಫೋನು ಮಾಡಬೇಡ, ನನ್ನ ಕಿವಿಗೆ ಅದು ನೊಣ ಗುಂಯ್‌ಗುಟ್ಟಿದ ಹಾಗೆ. ಏನಿದ್ದರೂ ಬರಿ.

ರುದ್ರಮೂರ್ತಿ

•

ಸಿಂಗಟಗೆರೆ
24 ನವೆಂಬರ್ 2024

ರುದ್ರಮೂರ್ತಿ ಯಜಮಾನರಿಗೆ ನಮಸ್ಕಾರ.

ಚಿತ್ರ ಬಂತು. ಅಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತೇನೆ ಅಂದಳು, ಕಿತ್ತುಕೊಂಡೆ. ಮೊಬೈಲಿನಲ್ಲಿ ಫೋಟೋ ತೆಗೆದರೆ ಅದೇ ಓರೆ ಮಾಡಿಬಿಡುತ್ತದೆ ಅಂತ ಕಡೂರಿಗೆ ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆ.

ಯಂತ್ರ ಸಿದ್ಧವಾಗಿದೆ. ಪ್ಲೈವುಡ್ಡಿನ ಪೆಟ್ಟಿಗೆ, ಹಿಂದೆ ದೊಡ್ಡ ಎಲ್‌ಇಡಿ ದೀಪ, ನಡುವೆ ಕಂಪ್ಯೂಟರಿನ ಪ್ಯಾನಲ್ಲು. ಪ್ಯಾನಲ್ಲಿನ ಹಿಂದೊಂದು ಮುಂದೊಂದು ಗೀರುಗೀರಿನ ತೆಳು ಪ್ಲಾಸ್ಟಿಕ್ ಹಾಳೆ, ಬೆಳಕನ್ನು ಒಟ್ಟುಮಾಡಿ ಲೆನ್ಸಿಗೆ ತಲುಪಿಸುವುದಕ್ಕೆ. ಗೋದಾಮಿನ ಬಾಗಿಲು ಹಾಕಿದರೆ ಹಗಲಲ್ಲೂ ಕತ್ತಲೆ. ಮೊನ್ನೆ ಮಧ್ಯಾಹ್ನ ಸ್ವಿಚ್ ಹಾಕಿದೆ. ಬಟ್ಟೆಯ ತುಂಬ ನಿಮ್ಮ ಅರಮನೆ! ಕೊಬ್ಬರಿ ಮೂಟೆ ಹೊರಲು ಬಂದವರು ಹೊರೋದು ಬಿಟ್ಟು ನಿಂತುಬಿಟ್ಟರು.

ಆದರೆ ಚಿತ್ರ ಕೆಟ್ಟಿದೆ. ಕಂಬಗಳು ಮಧ್ಯದಲ್ಲಿ ಒಳಕ್ಕೆ ಸರಿದಿವೆ. ಹಚ್ಚಿದ ಹೊಸದರಲ್ಲಿ ಅಷ್ಟಿಲ್ಲ, ಅರ್ಧ ಗಂಟೆಯಾದ ಮೇಲೆ ಜಾಸ್ತಿ. ಸಾಲದ್ದಕ್ಕೆ ಬಲಗಡೆ ಮಂಜು. ಕಡೂರು ಸ್ಟುಡಿಯೋದಲ್ಲಿ ಫೋಟೋ ಹಾಕಿಸಿ ಇಟ್ಟಿದ್ದೇನೆ, ನೋಡಿ.

ನಿಶ್ಚಿತಾ

•

ತರೀಕೆರೆ
30 ನವೆಂಬರ್ 2024

ನಿಶ್ಚಿತಾ,

ಫೋಟೋ ನೋಡಿದೆ. ನನ್ನ ಕಂಬಗಳನ್ನು ಸೊಂಟ ಹಿಡಿದುಕೊಂಡ ಮುದುಕಿಯರ ಸಾಲು ಮಾಡಿದ್ದೀಯ. ನನ್ನ ಸೊಂಟ ಮುರಿದದ್ದು ಸಾಲದು ಅಂತ ಅವಕ್ಕೂ ಅಂಟಿಸಿದೆಯಾ?

ನಿನ್ನ ಯಂತ್ರ ನನಗೆ ಗೊತ್ತಿಲ್ಲ. ಆದರೆ ಹೊತ್ತು ಹೋದಷ್ಟೂ ಹೆಚ್ಚಾಗುವ ಸೊಟ್ಟ ಬಿಸಿಯ ಸೊಟ್ಟ. ಒಲೆಯ ಪಕ್ಕ ಇಟ್ಟ ಪ್ಲಾಸ್ಟಿಕ್ ಮೊರದ ಹಾಗೆ ಯಾವುದೋ ಬಾಗುತ್ತಿದೆ. ಹಾಳೆ ಅಂದೆಯಲ್ಲ, ಅದನ್ನು ಮುಟ್ಟಿ ನೋಡು.

ಬಲಗಡೆ ಮಂಜು ಅಂದರೆ ಬಟ್ಟೆ ಯಂತ್ರಕ್ಕೆ ಎದೆ ಕೊಟ್ಟು ನಿಂತಿಲ್ಲ, ಹೆಗಲು ಕೊಟ್ಟಿದೆ. ಲೆನ್ಸಿನಿಂದ ಬಟ್ಟೆಯ ಎರಡು ಪಕ್ಕಕ್ಕೂ ದಾರ ಎಳಿ. ದಾರಕ್ಕಿಂತ ದೊಡ್ಡ ಮೇಷ್ಟ್ರಿಲ್ಲ.

ಡಿಪ್ಲೊಮಾ ಓದಿದವಳಿಗೆ ಇದನ್ನು ನಾನು ಹೇಳಬೇಕಾ?

ರುದ್ರಮೂರ್ತಿ

•

ಸಿಂಗಟಗೆರೆ
15 ಡಿಸೆಂಬರ್ 2024

ಯಜಮಾನರಿಗೆ,

ನೀವು ಯಂತ್ರವನ್ನು ಕಣ್ಣಲ್ಲಿ ನೋಡಿಲ್ಲ. ಒಂದು ಫೋಟೋ ನೋಡಿ ರೋಗ ಹೇಳಿದಿರಿ. ಮುಂದಿನ ಹಾಳೆ ಹಪ್ಪಳದ ಹಾಗೆ ಉಬ್ಬಿತ್ತು! ದೀಪವನ್ನು ಹಿಂದಕ್ಕೆ ಸರಿಸಿದೆ, ಎರಡು ಫ್ಯಾನು ಕೂರಿಸಿದೆ, ಹೊಸ ಹಾಳೆಯನ್ನು ಗಾಜಿನ ನಡುವೆ ಬಿಗಿದೆ. ಈಗ ಎರಡು ಗಂಟೆ ಉರಿದರೂ ಕಂಬ ಬಳುಕುವುದಿಲ್ಲ. ದಾರ ಎಳೆದೆ, ಒಂದು ಪಕ್ಕ ಒಂಬತ್ತು ಇಂಚು ದೂರ ಇತ್ತು. ಸರಿಮಾಡಿದೆ, ಮಂಜೂ ಹೋಯಿತು. ನಮ್ಮ ಕಾಲೇಜಿನಲ್ಲಿ ನಿಮ್ಮಂಥವರೊಬ್ಬರು ಪಾಠಕ್ಕಿದ್ದಿದ್ದರೆ ನಾನು ಲ್ಯಾಬಿಗೆ ಚಕ್ಕರ್ ಹೊಡೆಯುತ್ತಿರಲಿಲ್ಲ.

ಇನ್ನೊಂದು ತೊಂದರೆ ಉಳಿದಿತ್ತು. ಕಲ್ಲು ಕಟ್ಟಿದ ದಾರ ಇಳಿಬಿಟ್ಟು ನೋಡಿದೆ. ಕಂಬಗಳು ಮೇಲಕ್ಕೆ ಹೋಗ್ತಾ ಹೋಗ್ತಾ ಹೊರಕ್ಕೆ ಬಿಚ್ಚಿಕೊಳ್ಳುತ್ತವೆ. ಅಂಚಿನವು ಜಾಸ್ತಿ, ಒಳಗಿನವು ಕಡಿಮೆ. ಯಂತ್ರ ಮೋರೆ ಮೇಲೆತ್ತಿ ನೋಡಿದಾಗ ಹೀಗಾಗುವುದು ಎಲ್ಲರಿಗೂ ಗೊತ್ತಿರುವ ದೋಷ. ಮಟ್ಟಗೋಲು ಇಟ್ಟು ನೋಡಿದರೆ ನೆಟ್ಟಗೇ ಇದೆ, ಆದರೂ ಹೋಗಲಿಲ್ಲ. ಕೊನೆಗೆ ಪ್ಯಾನಲ್ಲಿನ ಕೆಳಗೆ ಒಂದು ಲಗ್ನಪತ್ರಿಕೆ ಮಡಿಸಿ ತುರುಕಿ ಚೂರು ಓರೆ ಮಾಡಿದೆ. ಕಂಬಗಳು ದಾರಕ್ಕೆ ಸರಿಯಾಗಿ ನಿಂತವು! ನಾಳೆಯಿಂದ ಇದ್ದಿಲು ಕೆಲಸ.

ಮಂಡಳಿಯವರೆಲ್ಲ ಖುಷಿಯಾಗಿದ್ದಾರೆ.

ನಿಶ್ಚಿತಾ

•

ತರೀಕೆರೆ
20 ಡಿಸೆಂಬರ್ 2024

ನಿಶ್ಚಿತಾ,

ಹಾಳೆಯನ್ನು ಗಾಜಿನ ನಡುವೆ ಬಿಗಿದದ್ದು ಯಾರ ಬುದ್ಧಿ? ನಿನ್ನದೇ ಆದರೆ ಭೇಷ್. ಬೇರೆಯವರದ್ದಾದರೆ ಅವರಿಗೆ ಹೇಳು.

ಒಂದು ಮಾತು. ಕಲ್ಲು ಕಟ್ಟಿದ ದಾರ ಇಳಿಬಿಟ್ಟೆ ಅಂದೆ. ಪಕ್ಕಕ್ಕೆ ಎಳೆಯುವ ದಾರ ಬೇರೆ, ಕೆಳಕ್ಕೆ ಇಳಿಬಿಡುವ ದಾರ ಬೇರೆ. "ತೂಗುಗುಂಡು ಹಿಡಿಯೋನು ಗಾರೆಯೋನು, ಪರದೆಯೋನಲ್ಲ" ಅಂತ ನನ್ನ ಗುರು ಬಯ್ಯುತ್ತಿದ್ದ. ಯಾಕೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಏಟು. ನನ್ನ ಕಂಬಕ್ಕೆ ಯಾವ ದಾರವೂ ಬೇಡ. ಐವತ್ತೆರಡು ವರ್ಷದಲ್ಲಿ ಒಬ್ಬನೇ ಒಬ್ಬ ನನ್ನ ಕಂಬ ಓರೆ ಅಂದಿಲ್ಲ.

ಗೆರೆ ಬಿದ್ದ ಮೇಲೆ ಬಟ್ಟೆಯನ್ನು ಒಂದು ಸಲ ರಂಗದ ಮೇಲೆ ಕಟ್ಟಿ, ಎದುರಿನಿಂದ ಫೋಟೋ ತೆಗೆದು ಕಳಿಸು. ಗೋದಾಮಿನಲ್ಲಿ ನೋಡಿದ್ದು ನೋಡಿದ್ದಲ್ಲ.

ಮಂಡಳಿಯವರೆಲ್ಲ, ಅಂದರೆ ಹೊನ್ನೇಶನೂ, ಖುಷಿಯಾಗಿದ್ದಾರೆ ಅಂತ ಬರೆದಿದ್ದೀಯ. ಅವನು ಹುಟ್ಟಿದಾಗಲೂ ಖುಷಿಯಾಗಿದ್ದವನಲ್ಲ. ಏನಾದರೂ ಮುಚ್ಚಿಡುತ್ತಿದ್ದೀಯಾ?

ರುದ್ರಮೂರ್ತಿ

•

ಸಿಂಗಟಗೆರೆ
4 ಜನವರಿ 2025

ಯಜಮಾನರಿಗೆ,

ಬಟ್ಟೆಯನ್ನು ರಂಗದ ಮೇಲೆ ಕಟ್ಟಿದೆವು. ಮರೆಮಾಚದೆ ಬರೆಯುತ್ತೇನೆ. ಹೊನ್ನೇಶಣ್ಣ ಎದುರಿಗೆ ನೆಲದ ಮೇಲೆ ಕೂತು ನೋಡಿದರು. ತಲೆ ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು. ಆಮೇಲೆ, "ಏನಮ್ಮಿ ಇದು, ಅರಮನೆ ಒಳೀಕ್ ಕುಸಿಯಂಗದೆ. ರಾಜ ಡೈಲಾಗ್ ಹೇಳೋಕ್ ಮುಂಚೆ ಓಡೋಗ್ತಾನೆ ಕಣವ್ವಾ" ಅಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ಅವರ ಪಕ್ಕ ಕೂತು ನೋಡಿದೆ. ನಿಜ. ಕಂಬಗಳು ಮೇಲೆ ಹೋಗಿ ಒಂದಕ್ಕೊಂದು ಗುಟ್ಟು ಹೇಳುವ ಹಾಗೆ ಬಾಗಿವೆ. ಏಣಿ ಹತ್ತಿ ದಾರ ಬಿಟ್ಟೆ. ದಾರಕ್ಕೆ ನೇರವಾಗಿಯೇ ಇವೆ!

ನನಗೆ ತಿಳಿಯುತ್ತಿಲ್ಲ. ಕೂತು ತೆಗೆದ ಫೋಟೋ ಇಟ್ಟಿದ್ದೇನೆ.

ನಿಶ್ಚಿತಾ

•

ತರೀಕೆರೆ
9 ಜನವರಿ 2025

ನಿಶ್ಚಿತಾ,

ಇದು ನನ್ನ ಅರಮನೆಯಲ್ಲ. ನನ್ನ ಅರಮನೆಯನ್ನು ಕೊರಳು ಹಿಚುಕಿ ನಿಲ್ಲಿಸಿದ್ದೀಯ. ನಿನ್ನ ಯಂತ್ರ ಸುಳ್ಳು ಹೇಳುತ್ತಿದೆ, ನೀನು ಅದಕ್ಕೆ ಲಗ್ನಪತ್ರಿಕೆ ತಿನ್ನಿಸಿ ಇನ್ನಷ್ಟು ಸುಳ್ಳು ಕಲಿಸಿದ್ದೀಯ. ಫೋಟೋ ನೋಡಿ ಊಟ ಬಿಟ್ಟೆ. ಪ್ರೇಮ ನನ್ನನ್ನು ಬಯ್ದಳು, ನಾನು ಅವಳನ್ನು ಬಯ್ದೆ, ಅಳಿಯ ಸುಮ್ಮನೆ ಎದ್ದು ಹೋದ.

ಯಂತ್ರ ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ನೋಡಬೇಕಾದರೆ ನನ್ನ ಚಿತ್ರ ತೆಗೆದು ಪಕ್ಕಕ್ಕಿಡು. ನಿಮ್ಮಮ್ಮ ಶಕುಂತಲಮ್ಮ ಬಾಗಿಲಿಗೆ ಇಡುವ ರಂಗೋಲಿ ನಾನು ನೋಡಿದ್ದೀನಿ. ಅಂಥ ಚುಕ್ಕಿ ಈ ಸೀಮೆಯಲ್ಲಿ ಯಾರೂ ಇಡುವುದಿಲ್ಲ. ಆಯಮ್ಮನ ಕೈಲಿ ಒಂದು ಕಾಗದದ ಮೇಲೆ ಹದಿನೈದು ಚುಕ್ಕಿ ಹದಿನೈದು ಸಾಲು ಇಡಿಸು. ಅದನ್ನು ಬಟ್ಟೆಯ ಮೇಲೆ ಬಿಡು. ಚುಕ್ಕಿಯ ಸಾಲು ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಅಳೆದು ನೋಡು. ಕಳ್ಳ ಸಿಕ್ಕಿಬೀಳುತ್ತಾನೆ.

ರುದ್ರಮೂರ್ತಿ

•

ಸಿಂಗಟಗೆರೆ
16 ಜನವರಿ 2025

ಯಜಮಾನರಿಗೆ,

ಅಮ್ಮ ಚುಕ್ಕಿ ಇಟ್ಟಳು. ಗ್ರಾಫ್ ಹಾಳೆ ಕೊಟ್ಟರೆ "ಗೆರೆ ಹಾಕಿದ್ ಹಾಳೇಲಿ ಇಡೋಕೆ ನಾನೇನ್ ಒಂದ್ನೇ ಕ್ಲಾಸಾ?" ಅಂದು ಬಿಳಿ ಹಾಳೆಯಲ್ಲೇ ಇಟ್ಟಳು. ಸ್ಕೇಲು ಇಟ್ಟು ನೋಡಿದೆ, ಇನ್ನೂರ ಇಪ್ಪತ್ತೈದು ಚುಕ್ಕಿಯಲ್ಲಿ ಒಂದೂ ಕೂದಲೆಳೆಯಷ್ಟು ತಪ್ಪಿಲ್ಲ.

ಲಗ್ನಪತ್ರಿಕೆ ಇದ್ದಾಗ ಚುಕ್ಕಿಗಳು ಮೇಲ್ಗಡೆ ಕುಗ್ಗಿದವು. ನೀವು ಹೇಳಿದ್ದು ನಿಜ, ಆ ಸುಳ್ಳು ಕಲಿಸಿದವಳು ನಾನೇ. ಅದನ್ನು ತೆಗೆದೆ. ತೆಗೆದ ಮೇಲೆ, ಮೇಲ್ಗಡೆ ಕೆಳಗಡೆ ಎಡ ಬಲ ಎಲ್ಲ ಕಡೆಯೂ ಸಮ. ಮೂರು ಸಲ ಅಳೆದೆ.

ಅದೇ ಯಂತ್ರದಲ್ಲಿ, ಏನೂ ಅಲುಗಿಸದೆ, ನಿಮ್ಮ ಚಿತ್ರ ಬಿಟ್ಟೆ. ಅಂಚಿನ ಕಂಬಗಳು ತುದಿಯಲ್ಲಿ ನಾಲ್ಕು ಬೆರಳು ಹೊರಗೆ. ಒಳಗಿನವು ಒಂದೂವರೆ ಬೆರಳು. ನಿಮ್ಮ ಕಾಗದದ ಮೇಲೇ ಸ್ಕೇಲು ಇಟ್ಟೆ. ಅಂಚಿನ ಕಂಬ ಬುಡದಿಂದ ತುದಿಗೆ ಒಂದು ಅಕ್ಕಿಕಾಳಿನಷ್ಟು ಓರೆ ಇದೆ.

ಯಜಮಾನರೇ, ಯಂತ್ರ ಸರಿಯಿದೆ. ಓರೆ ಇರುವುದು ನಿಮ್ಮ ಕಂಬ.

ನಿಶ್ಚಿತಾ

•

ತರೀಕೆರೆ
20 ಜನವರಿ 2025

ನನ್ನ ಕೈ ನಡುಗುತ್ತದೆ ಅಂತ ಹೇಳುವುದಕ್ಕೆ ಇಷ್ಟು ಸುತ್ತು ಬಳಸಿದೆಯಾ? ನೇರವಾಗಿ ಹೇಳಬಹುದಿತ್ತು. ಹೊನ್ನೇಶನಿಗೆ ಹೇಳು, ಫ್ಲೆಕ್ಸ್ ಹೊಡೆಸಲಿ. ಇನ್ನು ಬರೆಯಬೇಡ.

ರು.

•

ಸಿಂಗಟಗೆರೆ
2 ಫೆಬ್ರವರಿ 2025

ಯಜಮಾನರಿಗೆ,

ಬರೆಯಬೇಡ ಅಂದಿರಿ, ಬರೆಯುತ್ತಿದ್ದೇನೆ. ನಿಮ್ಮ ಮಾತನ್ನು ಹೊನ್ನೇಶಣ್ಣನಿಗೆ ಹೇಳಲಿಲ್ಲ. "ಏನಂದ್ರು ಯಜಮಾನ್ರು?" ಅಂತ ಕೇಳಿದಾಗ "ಬಣ್ಣದ ಲೆಕ್ಕ ಬರ್ದವ್ರೆ" ಅಂದೆ.

ಡಿಸೆಂಬರಿನಲ್ಲಿ ನಾನು ಮುಚ್ಚಿಟ್ಟದ್ದು ಇದು: ಫ್ಲೆಕ್ಸಿನ ಸ್ಯಾಂಪಲ್ ಆಗಲೇ ಬಂದಿದೆ. ಚಿನ್ನದ ಬಣ್ಣ ಹೊಳೆಯುತ್ತದೆ. ಎಲ್ಲರಿಗೂ ಹಿಡಿಸಿದೆ. ಫೆಬ್ರವರಿ ಇಪ್ಪತ್ತೈದರೊಳಗೆ ಬಟ್ಟೆಯ ಮೇಲೆ ಗೆರೆ ಪೂರ್ತಿಯಾಗದಿದ್ದರೆ ಅದೇ ಗಟ್ಟಿ.

ನಿಮ್ಮ ಕೈ ನಡುಗುತ್ತದೆ ಅಂತ ನಾನು ಬರೆಯಲಿಲ್ಲ. ನಡುಗುವ ಕೈ ಎಡಕ್ಕೂ ಬಲಕ್ಕೂ ಸಮನಾಗಿ ನಡುಗುವುದಿಲ್ಲ. ಎಡದ ಕಂಬ ಎಡಕ್ಕೆ, ಬಲದ್ದು ಬಲಕ್ಕೆ, ಅಳೆದ ಹಾಗೆ ಅಷ್ಟಷ್ಟೇ. ಅದು ತಪ್ಪಲ್ಲ ಅನ್ನಿಸುತ್ತದೆ. ಏನು ಅಂತ ಗೊತ್ತಿಲ್ಲ. ಗೊತ್ತಿರುವವರು ನೀವೊಬ್ಬರೇ.

ಇದ್ದಿಲೆಲ್ಲ ಒದರಿ ಬಟ್ಟೆ ಖಾಲಿ ಮಾಡಿ ಕೂತಿದ್ದೇನೆ.

ನಿಶ್ಚಿತಾ

•

ತರೀಕೆರೆ
11 ಫೆಬ್ರವರಿ 2025

ನಿಶ್ಚಿತಾ,

ಇದು ಉದ್ದ ಕಾಗದ. ಕೂತು ಓದು.

ನನ್ನ ಕಂಬ ಓರೆ ಅಂದ ನಿನ್ನ ಜನವರಿ ಕಾಗದ ಹರಿದು ಎಸೆದೆ. ಪ್ರೇಮ ಅದನ್ನು ಅನ್ನ ಹಚ್ಚಿ ಅಂಟಿಸಿದಳು. ಅಡುಗೆಮನೆಯಿಂದ ಒಂದು ಅಕ್ಕಿಕಾಳು ತರಿಸಿ, ನಿನಗೆ ಕಳಿಸಿದ್ದರ ಜೊತೆಗೇ ಬರೆದು ನನ್ನ ಹತ್ತಿರ ಇಟ್ಟುಕೊಂಡಿದ್ದ ಜೋಡಿ ಚಿತ್ರದ ಮೇಲೆ ಇಟ್ಟೆ. ಸರಿಯಾಗಿ ಕೂತಿತು. ಬಲದ ಕಂಬಕ್ಕೂ ಅದೇ ಕಾಳು.

ಬರೆಯಬೇಡ ಅಂದರೂ ನೀನು ಬರೆದ ಕಾಗದ ಬಂದ ಮೇಲೆ, ಸಂತೆ ಬೀದಿಯ ಧನಪಾಲನ ಅಂಗಡಿಗೆ ಆಟೋದಲ್ಲಿ ಹೋದೆ. ನಾಟಕದ ವೇಷ, ಪರದೆ ಬಾಡಿಗೆಗೆ ಕೊಡುವವನು. ಅವನ ಹತ್ತಿರ ಮೂವತ್ತೆರಡು ವರ್ಷದ ಹಿಂದಿನ ನನ್ನ ಪರದೆ ಇದೆ. ಆಗ ನನ್ನ ಕೈ ಹೆಂಗಿತ್ತು ಅಂತೀಯ, ಒಂದೇ ಉಸಿರಿಗೆ ಆಳೆತ್ತರದ ಗೆರೆ ಎಳೆಯುತ್ತಿದ್ದೆ. ಅದನ್ನು ಅವನ ಗೋದಾಮಿನ ತೊಲೆಗೆ ಕಟ್ಟಿಸಿ ದಾರ ಬಿಡಿಸಿದೆ. ಜನ್ಮದಲ್ಲಿ ಮೊದಲ ಸಲ ನನ್ನ ಕಂಬದ ಪಕ್ಕ ದಾರ ಬಿಟ್ಟದ್ದು. ಅಂಚಿನ ಕಂಬ ನಾಲ್ಕು ಬೆರಳು ಹೊರಗೆ. ಒಳಗಿನದು ಒಂದೂವರೆ. ನೀನು ಬರೆದದ್ದೇ!

ಧನಪಾಲ ಕುರ್ಚಿ ಹಾಕಿದ. ಬೇಡ, ನೆಲಕ್ಕೆ ಕೂರಿಸು ಅಂದೆ. "ಏನ್ ಹುಚ್ಚು ಅಣ್ಣಾ, ಡಾಕ್ಟ್ರು ಬ್ಯಾಡ ಅಂದವ್ರೆ" ಅಂದ. "ಕೂರಿಸಲೇ" ಅಂದೆ. ಇಬ್ಬರು ಹಿಡಿದು ಕೂರಿಸಿದರು. ತಲೆಯೆತ್ತಿ ನೋಡಿದೆ. ನಾಲ್ಕೂ ಕಂಬ ನೆಟ್ಟಗೆ, ಈಗ ತಾನೇ ಎಬ್ಬಿಸಿ ನಿಲ್ಲಿಸಿದ ಹಾಗೆ ನಿಂತಿದ್ದವು. ಎದ್ದು ನಿಂತು ನೋಡಿದರೆ ಬಿಚ್ಚಿಕೊಂಡಿವೆ. ಕೂತರೆ ನೆಟ್ಟಗೆ.

ಆಗ ಜ್ಞಾಪಕಕ್ಕೆ ಬಂತು. ನಾನಿನ್ನೂ ಹದಿನೆಂಟರ ಹುಡುಗ. ಅಂತರಘಟ್ಟೆಯ ಬಯಲಲ್ಲಿ ಗುರುವಿನ ಜೊತೆ ಮೊದಲ ಪರದೆ. ಒಂದು ಕಂಬ ಬರೆದು ಮುಗಿಸಿದರೆ ಸಾಕು, ಏಣಿಯಿಂದ ಇಳಿಸಿ ಎದುರಿಗೆ ಮಣ್ಣಲ್ಲಿ ಕೂರಿಸುತ್ತಿದ್ದ. "ಕುರ್ಚಿಯೋರು ಎಲ್ಲಿಂದಾದ್ರೂ ನೋಡ್ತಾರೆ. ನೆಲದಾಗ್ ಕೂತು ಕತ್ತೆತ್ತೋರು ಹೆಣ್ಮಕ್ಳು, ಮಕ್ಳು. ಅವ್ರ ಕಣ್ಣಾಗೆ ಅರಮನೆ ನಿಲ್ಬೇಕು ಕಣಲೇ" ಅನ್ನುತ್ತಿದ್ದ. ನೋಡುತ್ತಿದ್ದೆ. ಕತ್ತೆತ್ತಿದಾಗ ತುದಿ ಒಳಕ್ಕೆ ಬಾಗಿದ ಹಾಗೆ ಕಂಡರೆ "ಇನ್ನೊಂಚೂರು ಬಿಡು" ಅನ್ನುತ್ತಿದ್ದ. ಮತ್ತೆ ಹತ್ತಿ, ಗೆರೆ ಒರೆಸಿ, ತುದಿಯನ್ನು ಇನ್ನಷ್ಟು ಹೊರಕ್ಕೆ ಬಿಡುತ್ತಿದ್ದೆ. ಹೀಗೆ ಏಣಿ ಹತ್ತಿ ಇಳಿದು ಹತ್ತಿ ಇಳಿದು ಮೂರು ವರ್ಷ. ಆಮೇಲೆ ಇಳಿಯುವುದು ಬಿಟ್ಟುಹೋಯಿತು. ಕೈ ತಾನೇ ಬಿಡುತ್ತಿತ್ತು. ಬಿಡುತ್ತಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ನೇರ ಬರೆಯುತ್ತಿದ್ದೀನಿ ಅಂತಲೇ ತಿಳಿದಿದ್ದೆ. ಮಂಚದ ಮೇಲೆ ಕೂತು ಮೊಳದುದ್ದದ ಕಾಗದದಲ್ಲಿ ಬರೆದರೂ ಬಿಟ್ಟಿದೆ ನೋಡು, ಕಳ್ಳ ಕೈ.

ಐವತ್ತೆರಡು ವರ್ಷ ನನ್ನ ಕೈ ನನಗೇ ಹೇಳದೆ ಒಂದು ಕೆಲಸ ಮಾಡಿಕೊಂಡು ಬಂದಿತ್ತು. ಅದನ್ನು ಹಿಡಿದವಳು ನೀನು. ಮಿಕ್ಸಿ ರಿಪೇರಿಯವಳು ಅಂದಿದ್ದೆ. ಅದನ್ನು ಹೊಡೆದುಹಾಕು.

ಯಂತ್ರವನ್ನು ಚುಕ್ಕಿಗೆ ಸರಿಯಾಗಿ ಇಡು. ಕಂಬ ಓರೆ ಬೀಳಲಿ. ದಾರ ಏನಾದರೂ ಹೇಳಲಿ, ಕಿವಿಗೆ ಹಾಕಿಕೊಳ್ಳಬೇಡ.

ರುದ್ರಮೂರ್ತಿ

•

ಸಿಂಗಟಗೆರೆ
17 ಫೆಬ್ರವರಿ 2025

ಯಜಮಾನರಿಗೆ,

ನಿಮ್ಮ ಕಾಗದವನ್ನು ಅಪ್ಪ ಅಮ್ಮನಿಗೆ ಗಟ್ಟಿಯಾಗಿ ಓದಿದೆ. ಅಪ್ಪ "ಎಂಥಾ ಕೈ ಕಣೇ ಅದು" ಅಂದರು, ಅಷ್ಟೇ.

ನಾನು ನೋಡಿದ್ದು ದೋಷವಲ್ಲ, ವಿದ್ಯೆ. ಯಂತ್ರ ಮೋರೆ ಎತ್ತಿದಾಗ ಬರುವ ಸೊಟ್ಟಕ್ಕೂ ನೀವು ಬಿಡುವ ಓರೆಗೂ ನೋಡುವುದಕ್ಕೆ ಒಂದೇ ರೂಪ. ಅದಕ್ಕೇ ಮೋಸ ಹೋದೆ. ರೋಗ ಅಂದುಕೊಂಡು ಔಷಧಿಯನ್ನೇ ಒರೆಸಿಹಾಕಿದ್ದೆ.

ಈಗ ಹೆದರುತ್ತಲೇ ಒಂದು ಕೇಳುತ್ತೇನೆ. ನೀವು ಕಲಿತ ಕಾಲದ ರಂಗ ಎಷ್ಟು ಎತ್ತರ? ಮಣ್ಣು ತುಂಬಿ ಕಟ್ಟಿದ್ದು ಮೂರಡಿ ಇರಬಹುದು. ನಮ್ಮೂರಿನ ಹೊಸ ಸಿಮೆಂಟ್ ರಂಗ ಐದಡಿ. ಕೂತವರು ಇನ್ನೂ ಕತ್ತೆತ್ತಬೇಕು. ಹಾಗಾದರೆ ಕಂಬ ಇನ್ನೂ ಸ್ವಲ್ಪ ಬಿಚ್ಚಿಕೊಳ್ಳಬೇಕಲ್ಲವೆ? ನಾಲ್ಕು ಬೆರಳು ಸಾಲುತ್ತದೆಯೆ?

ಬೇಕಾದರೆ ಚಿತ್ರ ತಿದ್ದುವುದೇ ಬೇಡ. ಆ ಲಗ್ನಪತ್ರಿಕೆಯನ್ನು ಪ್ಯಾನಲ್ಲಿನ ಕೆಳಗಿನ ಬದಲು ಮೇಲ್ಗಡೆ ತುರುಕಿದರೆ ಯಂತ್ರವೇ ಇನ್ನೊಂಚೂರು ಬಿಡುತ್ತದೆ. ನಿಮ್ಮ ಗೆರೆಯ ಮೇಲೆ ಕೈ ಮಾಡಿದೆ ಅಂತ ತಿಳಿಯಬೇಡಿ. ಬೇಡ ಅಂದರೆ ಬಿಟ್ಟೆ. ಇಪ್ಪತ್ತೈದಕ್ಕೆ ಎಂಟೇ ದಿನ ಇದೆ.

ನಿಶ್ಚಿತಾ

•

ತರೀಕೆರೆ
19 ಫೆಬ್ರವರಿ 2025

ನಿಶ್ಚಿತಾ,

ಅಂಚೆಗೆ ಹಾಕಿದರೆ ತಡ ಅಂತ ಕಡೂರು ಬಸ್ಸಿನ ಕಂಡಕ್ಟರ್ ಕೈಲಿ ಕೊಡುತ್ತಿದ್ದೀನಿ. ಅಳಿಯ ನಿಮ್ಮೂರಿಗೆ ತಲುಪಿಸುವ ಏರ್ಪಾಡು ಮಾಡಿದ್ದಾನೆ.

ರಂಗದ ಎತ್ತರ ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಏಣಿಯಿಂದ ಇಳಿಯುವುದು ಬಿಟ್ಟ ದಿನವೇ ಕಲಿಯುವುದನ್ನೂ ಬಿಟ್ಟಿದ್ದೆ ಅಂತ ಕಾಣುತ್ತದೆ. ಈ ಹತ್ತು ವರ್ಷದಲ್ಲಿ ಸಿಮೆಂಟ್ ರಂಗಕ್ಕೆ ಬರೆದ ಪರದೆಗಳೆಲ್ಲ ಕೊಂಚ ಬಾಗಿಯೇ ಕಂಡಿರಬೇಕು. ಮುದುಕನ ಮೇಲಿನ ಮರ್ಯಾದೆಗೆ ಯಾರೂ ಬಾಯಿ ಬಿಟ್ಟಿಲ್ಲ. ಥೂ.

ಇನ್ನೊಂಚೂರು ಬಿಡು. ಎಷ್ಟು ಅಂತ ನನ್ನನ್ನು ಕೇಳಬೇಡ, ದಾರವನ್ನೂ ಕೇಳಬೇಡ. ಬಟ್ಟೆಯನ್ನು ಆ ರಂಗದ ಮೇಲೇ ಕಟ್ಟು. ಯಂತ್ರವನ್ನು ಅಲ್ಲಿಗೇ ಒಯ್ದು, ಸಂಜೆ ಮಬ್ಬಿನಲ್ಲಿ ಚಿತ್ರ ಬಿಡು. ನಿಮ್ಮಮ್ಮನನ್ನು ನೆಲಕ್ಕೆ ಕೂರಿಸು. ಇನ್ನೂರ ಇಪ್ಪತ್ತೈದು ಚುಕ್ಕಿ ಕೂದಲೆಳೆ ತಪ್ಪದೆ ಇಟ್ಟ ಕಣ್ಣು ಅದು. ನೀನು ಕಾಗದ ತುರುಕುತ್ತಾ ಹೋಗು. ಆಯಮ್ಮ "ಹ್ಞೂಂ" ಅಂದಲ್ಲಿ ನಿಲ್ಲಿಸು.

ನನ್ನ ಗೆರೆಯ ಮೇಲೆ ನೀನು ಕೈ ಮಾಡಬಹುದು. ಇದನ್ನು ನಾನು, ಕುಂಚ ಹಿಡಿದು ಜೊತೆಗೆ ನಿಂತಿದ್ದ ನನ್ನ ಮಗನಿಗೂ ಹೇಳಿದವನಲ್ಲ.

ರುದ್ರಮೂರ್ತಿ

•

ಸಿಂಗಟಗೆರೆ
18 ಮಾರ್ಚ್ 2025

ಯಜಮಾನರಿಗೆ,

ಅಮ್ಮ ಆರನೇ ಮಡಿಕೆಗೆ "ಹ್ಞೂಂ" ಅಂದಳು. ಅಳೆದರೆ ಆರೂವರೆ ಬೆರಳು! ಇಪ್ಪತ್ತಮೂರಕ್ಕೆ ಗೆರೆ ಮುಗಿಯಿತು. ಹೊನ್ನೇಶಣ್ಣ ಬಂದು ಹಳೇ ಜಾಗದಲ್ಲೇ ಕೂತು, ಹಳೇ ಹಾಗೇ ತಲೆ ವಾಲಿಸಿ ನೋಡಿದರು. ಫ್ಲೆಕ್ಸಿನ ಸ್ಯಾಂಪಲ್ ಮಡಿಸಿ ತೆಗೆದುಕೊಂಡು ಹೋದರು. ಈಗ ಅದು ಅವರ ಮನೆಯ ಹುಲ್ಲಿನ ಬಣವೆಯ ಮೇಲಿದೆ. ಬಣ್ಣಕ್ಕೆ ಅಮ್ಮ, ನಾನು, ಬೀದಿಯ ನಾಲ್ಕು ಜನ ಹೆಂಗಸರು ಕೂತೆವು. ಬಣ್ಣಕ್ಕೆ ಬೆರೆಸುವ ಹುಣಸೆಬೀಜದ ಅಂಟು ನೀವು ಗೋದಾಮಿನಲ್ಲಿ ತೋರಿಸಿದ್ದ ಹದಕ್ಕೆ ಬರಲು ಎರಡು ಪಾತ್ರೆ ತಳ ಹಿಡಿಸಿದೆವು.

ಮಾರ್ಚ್ ಹದಿನೈದರ ಸಂಜೆ ನಾಟಕಕ್ಕೆ ಪರದೆ ಎದ್ದಿತು. ನಾನು ನಿಮ್ಮ ಗುರುಗಳು ಹೇಳಿದ ಜಾಗದಲ್ಲಿ, ಹೆಣ್ಣುಮಕ್ಕಳ ನಡುವೆ ನೆಲದ ಮೇಲೆ ಕೂತಿದ್ದೆ. ಜನ ಏನನ್ನುತ್ತಾರೆ ಅಂತ ಮೈಯೆಲ್ಲ ಕಿವಿ. ನನ್ನ ಪಕ್ಕದ ಅಜ್ಜಿ, "ಈ ಅರಮನೇಗ್ ಸುಣ್ಣ ಹೊಡ್ಯಕ್ಕೇ ಒಂದ್ ವರ್ಸ ಬೇಕು ಕಣವ್ವ" ಅಂದಳು. ಇನ್ನೊಬ್ಬಳು "ಒಳೀಕ್ ಹೋದ್ರೆ ತಣ್ಣಗಿರ್ತದೆ" ಅಂದಳು. ಕಂಬದ ಬಗ್ಗೆ ಒಬ್ಬರೂ ಒಂದು ಮಾತೂ ಆಡಲಿಲ್ಲ. ನಾಟಕ ಮುಗಿಯುವವರೆಗೂ ಕಾದೆ. ಒಬ್ಬರೂ ಇಲ್ಲ.

ನೀವು ಬರುತ್ತೀರಿ ಅಂತ ದಾರಿ ನೋಡಿದೆ. ನಿಮ್ಮ ಹೆಸರಿನಲ್ಲಿ ಮುಂದಿನ ಸಾಲಿನಲ್ಲಿ ಒಂದು ಚಾಪೆ ಹಾಸಿಟ್ಟಿದ್ದೆವು. ಬರದಿದ್ದುದಕ್ಕೆ ಕಾರಣ ನೀವು ಬರೆಯಲಿಲ್ಲ, ಪ್ರೇಮಕ್ಕ ಫೋನಿನಲ್ಲಿ ಹೇಳಿದರು. ಧನಪಾಲರ ಅಂಗಡಿಯಲ್ಲಿ ನೆಲಕ್ಕೆ ಕೂತದ್ದರಿಂದ ಸೊಂಟ ಮತ್ತೆ ಕೆಟ್ಟು, ಇನ್ನೆರಡು ತಿಂಗಳು ಮಂಚ ಬಿಟ್ಟು ಏಳುವ ಹಾಗಿಲ್ಲವಂತೆ. ಆ ಉದ್ದ ಕಾಗದದಲ್ಲಿ ಎಲ್ಲ ಇತ್ತು, ಇದೊಂದು ಇರಲಿಲ್ಲ.

ಹೊನ್ನೇಶಣ್ಣ ಕೇಳಿ ಕಳಿಸಿದ್ದಾರೆ: ಮುಂದಿನ ನಾಟಕಕ್ಕೆ ಕಾಡಿನ ಪರದೆ ಆಗುತ್ತದೆಯೆ? ನಿಮ್ಮನ್ನು ನೇರ ಕೇಳಲು ಅವರಿಗೆ ಹೆದರಿಕೆ.

ನಿಶ್ಚಿತಾ

•

ತರೀಕೆರೆ
24 ಮಾರ್ಚ್ 2025

ನಿಶ್ಚಿತಾ,

ಕಂಬದ ಬಗ್ಗೆ ಯಾರೂ ಮಾತಾಡಲಿಲ್ಲ ಅಂತ ಬೇಜಾರಿನಲ್ಲಿ ಬರೆದ ಹಾಗಿದೆ. ದಡ್ಡಿ. ಐವತ್ತೆರಡು ವರ್ಷದಿಂದ ನನಗೆ ಸಿಕ್ಕಿರುವ ಬಹುಮಾನ ಅದೊಂದೇ. ನಿನಗೆ ಮೊದಲ ಸಲಕ್ಕೇ ಸಿಕ್ಕಿದೆ, ಅದೂ ಐದಡಿ ರಂಗದಲ್ಲಿ. ಒಳಗೆ ತಣ್ಣಗಿರುತ್ತದೆ ಅಂದಳಲ್ಲ ಆಯಮ್ಮ, ಅವಳು ಕಂಬ ದಾಟಿ ಆಗಲೇ ಒಳಗೆ ಹೋಗಿದ್ದಳು. ಇನ್ನೇನು ಬೇಕು ನಿನಗೆ, ಶಾಲು ಹೊದಿಸಬೇಕಾ?

ಸೊಂಟದ ಮಾತು ಬಿಡು. ಪ್ರೇಮನ ಬಾಯಿ ದೊಡ್ಡದು. ಅವತ್ತು ಕೂತದ್ದಕ್ಕೆ ನನಗೆ ಬೇಸರವಿಲ್ಲ. ಇನ್ನೊಂದು ಸೊಂಟ ಇದ್ದಿದ್ದರೆ ಅದನ್ನೂ ಕೊಟ್ಟು ಕೂರುತ್ತಿದ್ದೆ.

ಹೊನ್ನೇಶನಿಗೆ ಹೆದರಿಕೆ ಇರಲಿ, ಒಳ್ಳೆಯದು. ಕಾಡು ಬರೆದು ಈ ಕಾಗದದ ಜೊತೆಗೇ ಕಳಿಸಿದ್ದೀನಿ. ಕೆಮ್ಮಣ್ಣುಗುಂಡಿ ದಾರಿಯ ಮರಗಳು. ಪ್ರೇಮನ ಕಿಟಕಿಯಿಂದ ಬೆಟ್ಟ ಕಾಣುತ್ತದೆ, ಮರ ಕಾಣುವುದಿಲ್ಲ. ನೆನಪಲ್ಲೇ ಬರೆದೆ. ಮರ ಹೇಗೂ ಓರೆಯಾಗೇ ಬೆಳೆಯುತ್ತದೆ ಅಂತ ಅಳೆಯದೆ ಬಿಡಬೇಡ. ನನ್ನ ಕೈ ಅಲ್ಲೂ ಏನೋ ಮಾಡಿರುತ್ತದೆ, ನನಗೆ ಹೇಳಿರುವುದಿಲ್ಲ. ಎಲ್ಲಿ, ಎಷ್ಟು, ಯಾಕೆ ಅಂತ ಕಂಡುಹಿಡಿದು ಬರಿ. ತಿಳಿದುಕೊಳ್ಳಬೇಕು.

ಲಕೋಟೆಯ ತಳದಲ್ಲಿ ಒಂದು ಅಕ್ಕಿಕಾಳು ಇದೆ. ಕಸ ಅಂತ ಒದರಬೇಡ. ನನ್ನ ಹತ್ತಿರ ಇರುವ ಸ್ಕೇಲು ಅದೊಂದೇ, ಅಳೆದು ವಾಪಸ್ಸು ಕಳಿಸು.

ರುದ್ರಮೂರ್ತಿ